ಮಠದ ಪತ್ರಿಕೆ, ಮಿಷನ್ನಿನ ಹಂಚು: ಧಾರ್ಮಿಕ ನೆಲೆ ಎಲ್ಲಿರುತ್ತದೆ?

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ್ದೇನೆ. ಧಾರ್ಮಿಕ ಟ್ರಸ್ಟೊಂದು ನಡೆಸುವ ಮಾಸಪತ್ರಿಕೆಯಲ್ಲಿ ಉಪಸಂಪಾದಕಿಯ ಕೆಲಸ ಸಿಕ್ಕಿದೆ. ಅದೇ ಟ್ರಸ್ಟಿಗೆ ಶಾಲೆ, ಕಾಲೇಜು, ಆಸ್ಪತ್ರೆಗಳೂ ಇವೆ. ಸಂದರ್ಶನದಲ್ಲಿ ‘ನಮ್ಮದು ಧಾರ್ಮಿಕ ನೆಲೆಗಟ್ಟಿನ ಸಂಸ್ಥೆ, ಆದರೆ ಪತ್ರಿಕೆ ಎಲ್ಲರದು’ ಎಂದರು. ಧರ್ಮದ ಕೆಲಸ ಮಾಡುವ ಕಡೆ ಸೇರುವುದು ಒಳ್ಳೆಯದೇ ಎಂದು ಅಪ್ಪ ಹೇಳುತ್ತಾರೆ. ಅದು ಪತ್ರಿಕೆಯೇ ಅಲ್ಲ, ಪ್ರಚಾರಪತ್ರ ಎಂದು ಗೆಳತಿ ಹೇಳುತ್ತಾಳೆ. ಸಂಸ್ಥೆಯೊಂದು, ಅದರಲ್ಲೂ ಮಾಧ್ಯಮ ಸಂಸ್ಥೆಯೊಂದು, ಧಾರ್ಮಿಕ ನೆಲೆಯದು ಎಂದರೆ ನಿಜವಾದ ಅರ್ಥವೇನು? ಅದನ್ನು ಹೊರಗಿನಿಂದ ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಅಪ್ಪನೂ ಗೆಳತಿಯೂ ಒಂದೇ ಪದವನ್ನು ಹಿಡಿದುಕೊಂಡು ಬೇರೆ ಬೇರೆ ಸಂಗತಿಗಳನ್ನು ಹೇಳುತ್ತಿದ್ದಾರೆ, ಮತ್ತು ಈ ಗೊಂದಲದಲ್ಲಿ ಅರ್ಧ ಪಾಲು ನಮ್ಮ ಭಾಷೆಯದೇ. ಹಿಂದಿನ ತಲೆಮಾರಿನವರು ಸರ್ಕಾರಿ ಆಸ್ಪತ್ರೆಯನ್ನು ಧರ್ಮಾಸ್ಪತ್ರೆ ಎನ್ನುತ್ತಿದ್ದರು. ಧರ್ಮಛತ್ರದಲ್ಲಿ ಉಳಿದುಕೊಂಡವರನ್ನು ನಿಮ್ಮ ಮತ ಯಾವುದೆಂದು ಕೇಳುವುದಕ್ಕಿಂತ ಮೊದಲು ಊಟವಾಯಿತೇ ಎಂದು ಕೇಳುವುದು ರೂಢಿ. ‘ಧರ್ಮಕ್ಕೆ ಸಿಕ್ಕಿದ್ದು’ ಎಂದರೆ ದುಡ್ಡಿಲ್ಲದೆ ಸಿಕ್ಕಿದ್ದು. ಟ್ರಸ್ಟಿಯೊಬ್ಬರನ್ನು ಧರ್ಮದರ್ಶಿ ಎಂದು ಕರೆಯುವಾಗ ಅವರ ಮತನಿಷ್ಠೆ ನಮ್ಮ ಮನಸ್ಸಿನಲ್ಲಿ ಇರುವುದಿಲ್ಲ. ಹೀಗೆ ಕನ್ನಡದಲ್ಲಿ ‘ಧಾರ್ಮಿಕ’ ಎಂಬ ವಿಶೇಷಣವು ದಾನದ ಸಂಸ್ಥೆಗೂ, ಒಂದು ಮತವನ್ನು ನಂಬಿದವರ ಸಂಸ್ಥೆಗೂ, ಮಠ ಅಥವಾ ಚರ್ಚಿನಂಥ ಪೀಠದ ಆಡಳಿತಕ್ಕೆ ಒಳಪಟ್ಟ ಸಂಸ್ಥೆಗೂ ಸಮನಾಗಿ ಅಂಟಿಕೊಳ್ಳುತ್ತದೆ. ನಿಮ್ಮ ತಂದೆಯವರು ಮೊದಲನೆಯದನ್ನು ಹೇಳುತ್ತಿದ್ದಾರೆ, ಗೆಳತಿ ಮೂರನೆಯದನ್ನು ಹೇಳುತ್ತಿದ್ದಾರೆ. ಸಂದರ್ಶನದಲ್ಲಿ ಕುಳಿತವರು ಯಾವುದನ್ನು ಹೇಳಿದರು ಎಂಬುದು, ನನ್ನ ಅನುಭವದಲ್ಲಿ, ಅವರಿಗೇ ಸ್ಪಷ್ಟವಿರುವುದು ಅಪರೂಪ.

ನಾನು ಬಳಸುವ ಒರೆಗಲ್ಲು ಒಂದೇ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಸ್ಥೆಯೊಂದರ ಸಾಮಾನ್ಯ ನೌಕರನು ಆ ಸಂಸ್ಥೆ ಒಪ್ಪಿಕೊಂಡ ತತ್ವವನ್ನೇ ಮುಂದಿಟ್ಟುಕೊಂಡು ಅದರ ಆಡಳಿತಾಧಿಕಾರಿಯನ್ನು ಪ್ರಶ್ನಿಸಲು ಸಾಧ್ಯವಿದ್ದರೆ, ಆ ಸಂಸ್ಥೆಗೆ ಧಾರ್ಮಿಕ ನೆಲೆ ಇದೆ. ತತ್ವವು ಮೇಲಿನಿಂದ ಕೆಳಕ್ಕೆ ಮಾತ್ರ, ಅಪ್ಪಣೆಯಾಗಿ, ಇಳಿದು ಬರುತ್ತಿದ್ದರೆ ಅಲ್ಲಿರುವುದು ಧಾರ್ಮಿಕರ ಒಡೆತನ. ಸಿದ್ಧಗಂಗೆಯಲ್ಲಿ ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದ ಮಾತಿದೆ. ಆ ಮಾತು ಗೋಡೆಯ ಮೇಲಿನ ಬರಹವಾಗಿ ಉಳಿಯದೆ ಇರುವುದಕ್ಕೆ ಕಾರಣ, ಜಾತಿ ಮತ ಕೇಳದೆ ಮಕ್ಕಳನ್ನು ಸೇರಿಸಿಕೊಳ್ಳುವ ಪದ್ಧತಿಯು ಮಠದ ಕೈಯನ್ನೇ ಕಟ್ಟಿಹಾಕಿತು ಎಂಬುದು. ಸಾಲು ಎಷ್ಟೇ ಉದ್ದವಿದ್ದರೂ ಬಂದವನಿಗೆ ಊಟವಿಲ್ಲ ಎನ್ನುವ ಸ್ವಾತಂತ್ರ್ಯವನ್ನು ಅಲ್ಲಿಯ ಆಡಳಿತ ತಾನಾಗಿಯೇ ಬಿಟ್ಟುಕೊಟ್ಟಿದೆ. ಮತತತ್ವ ಕೆಲಸ ಮಾಡುತ್ತಿದೆ ಎಂಬುದರ ಗುರುತು ಅಲ್ಲಿದೆ.

ಕಾನೂನು ಈ ವಿಷಯವನ್ನು ಹೇಗೆ ನೋಡುತ್ತದೆ ಎಂಬುದು ನಿಮಗೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಈ ಚರ್ಚೆಯ ಮೂಲ ತೀರ್ಪು ನಮ್ಮ ಉಡುಪಿಯಿಂದಲೇ ಹೊರಟದ್ದು. ಆಗ ದಕ್ಷಿಣ ಕನ್ನಡ ಮದರಾಸ್ ರಾಜ್ಯದಲ್ಲಿತ್ತು. ಆ ರಾಜ್ಯ 1951ರಲ್ಲಿ ಮಾಡಿದ ಧಾರ್ಮಿಕ ದತ್ತಿ ಕಾಯ್ದೆಯ ವಿರುದ್ಧ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಸ್ವಾಮಿಗಳು ಹೋರಾಡಿದರು. 1954ರಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಮಠವನ್ನು ಸಂವಿಧಾನದ 26ನೇ ವಿಧಿಯ ಅರ್ಥದಲ್ಲಿ ಧಾರ್ಮಿಕ ಪಂಥದ ಸಂಸ್ಥೆ ಎಂದು ಒಪ್ಪಿತು, ಒಂದು ಮತದ ಅವಿಭಾಜ್ಯ ಅಂಶ ಯಾವುದೆಂಬುದನ್ನು ಆ ಮತದ ಸಿದ್ಧಾಂತಗಳಿಂದಲೇ ತಿಳಿಯಬೇಕು ಎಂದಿತು, ಆದರೆ ಆಸ್ತಿಯ ಆಡಳಿತವನ್ನು ಬೇರೆಯಾಗಿ ಇಟ್ಟಿತು. ಮತದ ವಿಷಯದಲ್ಲಿ ಪಂಥಕ್ಕೆ ತನ್ನದೇ ಅಧಿಕಾರ ಉಂಟು, ಆಸ್ತಿಯನ್ನು ಮಾತ್ರ ಕಾನೂನಿಗೆ ಅನುಸಾರವಾಗಿ ನಡೆಸಬೇಕು. ಒಂದೇ ಮಠದೊಳಗೆ ಎರಡು ಪೆಟ್ಟಿಗೆಗಳು. ಪೂಜೆ ಯಾವ ಕ್ರಮದಲ್ಲಿ ನಡೆಯಬೇಕು ಎಂಬುದು ಒಂದರಲ್ಲಿದೆ, ಗದ್ದೆಯ ಗೇಣಿ ಎಲ್ಲಿಗೆ ಹೋಯಿತು ಎಂಬುದು ಇನ್ನೊಂದರಲ್ಲಿ. ನಿಮ್ಮ ಪತ್ರಿಕೆ ಯಾವ ಪೆಟ್ಟಿಗೆಯಲ್ಲಿದೆ ಎಂಬುದೇ ನೀವು ಕೇಳಬೇಕಾದ ಪ್ರಶ್ನೆ.

ನಂಬಿಕೆ ಆಳವಾಗಿದ್ದ ಮಾತ್ರಕ್ಕೆ ಕೋರ್ಟು ಧಾರ್ಮಿಕ ಎಂದು ಒಪ್ಪುವುದಿಲ್ಲ. ಪುದುಚೇರಿ ಬಳಿಯ ಆರೋವಿಲ್ ಪ್ರಕರಣದಲ್ಲಿ, 1982ರಲ್ಲಿ, ಶ್ರೀ ಅರವಿಂದರ ಬೋಧನೆಯ ಸುತ್ತ ಬೆಳೆದ ಸೊಸೈಟಿಯನ್ನು ಧಾರ್ಮಿಕ ಪಂಥವೆಂದು ಒಪ್ಪಲು ಸುಪ್ರೀಂ ಕೋರ್ಟಿನ ಬಹುಮತ ನಿರಾಕರಿಸಿತು. ಸಮಾನ ನಂಬಿಕೆ, ಸಮಾನ ಸಂಘಟನೆ ಮತ್ತು ಪ್ರತ್ಯೇಕ ಹೆಸರು ಎಂಬ ಮೂರು ಲಕ್ಷಣಗಳನ್ನು ಅದು ಅನ್ವಯಿಸಿ ನೋಡಿತ್ತು. ರಾಮಕೃಷ್ಣ ಮಿಷನ್ ವಿಷಯದಲ್ಲಿ 1995ರಲ್ಲಿ ಬಂದ ತೀರ್ಪು ಇನ್ನೊಂದು ತೆರನಾದದ್ದು. ಅದು ಬೇರೆ ಮತವಲ್ಲ, ಆದ್ದರಿಂದ ಅಲ್ಪಸಂಖ್ಯಾತ ಸಂಸ್ಥೆಯಲ್ಲ, ಆದರೆ ಹಿಂದೂ ಧರ್ಮದೊಳಗಿನ ಒಂದು ಪಂಥ ಹೌದು ಎಂದು ಕೋರ್ಟು ಹೇಳಿತು.

ಇದರ ಜೊತೆಗೆ ನಮ್ಮಲ್ಲಿ ಸಮುದಾಯದ ಸಂಸ್ಥೆ ಎಂಬ ಮತ್ತೊಂದು ಬಗೆ ಇದೆ, ಅದನ್ನು ಧಾರ್ಮಿಕ ಸಂಸ್ಥೆಯೊಂದಿಗೆ ಬೆರೆಸಬಾರದು. ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕಟ್ಟಿದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯ ಹೆಸರಿನಲ್ಲೇ ಸಮುದಾಯವಿದೆ, ಆದರೆ ಅದು ಯಾವುದೇ ಪೀಠದ ಕೈಕೆಳಗಿನದಲ್ಲ. ಸುತ್ತೂರು ಮಠ 1954ರಲ್ಲಿ ಆರಂಭಿಸಿದ ಜೆಎಸ್‌ಎಸ್ ಮಹಾವಿದ್ಯಾಪೀಠದಲ್ಲಿ ಪೀಠಾಧಿಪತಿಗಳೇ ಅಧ್ಯಕ್ಷರು. ಹೊರಗಿನಿಂದ ನೋಡಿದರೆ ಎರಡೂ ಕಡೆ ಎಂಜಿನಿಯರಿಂಗ್ ಕಾಲೇಜು, ವೈದ್ಯಕೀಯ ಕಾಲೇಜು, ಆಸ್ಪತ್ರೆಗಳು ಒಂದೇ ಬಗೆಯಾಗಿ ಕಾಣುತ್ತವೆ. ನೇಮಕದ ಅಧಿಕಾರ ಪೀಠದಿಂದ ಬರುತ್ತದೆಯೇ ಅಥವಾ ಸದಸ್ಯರ ಸಭೆಯಿಂದ ಬರುತ್ತದೆಯೇ ಎಂಬಲ್ಲಿ ಅವು ಬೇರೆಯಾಗುತ್ತವೆ. ಪತ್ರಿಕೆಯ ಮಾಲೀಕರು ಯಾವ ಜಾತಿಯವರು ಎಂದು ಲೆಕ್ಕ ಹಾಕಿ ಅದರ ಧಾರ್ಮಿಕ ನೆಲೆಯನ್ನು ತೀರ್ಮಾನಿಸುವ ನಮ್ಮ ಚಹಾದಂಗಡಿಯ ವಿದ್ಯೆ ಇಲ್ಲಿ ಯಾವ ಕೆಲಸಕ್ಕೂ ಬಾರದು.

ಹಣದ ಕಡೆಗೆ ಬನ್ನಿ. ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಸೌಲಭ್ಯ ಯಾರಿಗೆ ಸಿಗುತ್ತದೆ ಎಂಬುದರಲ್ಲಿ 1961ರ ಆದಾಯ ತೆರಿಗೆ ಕಾಯ್ದೆ ಒಂದು ಸ್ವಾರಸ್ಯಕರ ಗೆರೆ ಎಳೆದಿತ್ತು. ಸಂಸ್ಥೆ ಧರ್ಮಾರ್ಥದ್ದಾಗಿರಬೇಕು, ನಿರ್ದಿಷ್ಟ ಮತದ ಅಥವಾ ಜಾತಿಯ ಲಾಭಕ್ಕೆಂದೇ ಇರಬಾರದು, ಮತ್ತು ಧಾರ್ಮಿಕ ಸ್ವರೂಪದ ಖರ್ಚು ವರ್ಷದ ಒಟ್ಟು ಆದಾಯದ ಶೇಕಡಾ 5ನ್ನು ಮೀರಬಾರದು. ಇದರಿಂದಾಗಿಯೇ ಒಂದೇ ಆವರಣದಲ್ಲಿ ಎರಡು ಮೂರು ಟ್ರಸ್ಟುಗಳ ಬೋರ್ಡುಗಳು ಕಾಣುತ್ತವೆ. ಪೂಜೆ ಉತ್ಸವಗಳಿಗೆ ಒಂದು, ಶಾಲೆ ಆಸ್ಪತ್ರೆಗಳಿಗೆ ಇನ್ನೊಂದು. ಭಕ್ತರಿಗೆ ಎಲ್ಲವೂ ಒಂದೇ, ಲೆಕ್ಕಪರಿಶೋಧಕರಿಗೆ ಮಾತ್ರ ಬೇರೆ ಬೇರೆ. (1978ರ ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಕಾರ್ಮಿಕ ಕಾನೂನು ಅನ್ವಯಿಸುವ ‘ಉದ್ದಿಮೆ’ಯ ವ್ಯಾಪ್ತಿಯನ್ನು ವಿವರಿಸುತ್ತ ಸುಪ್ರೀಂ ಕೋರ್ಟು ದೊಡ್ಡ ಪ್ರಮಾಣದಲ್ಲಿ ಪ್ರಸಾದ ತಯಾರಿಸುವುದನ್ನೂ ಅದರೊಳಗೆ ಸೇರಿಸಿತ್ತು. ಆ ವ್ಯಾಪ್ತಿ ಮುಂದೆ ಕಿರಿದಾಗಿದೆ. ಆದರೆ ಪ್ರಸಾದ ತಿನ್ನುವವನಿಗೆ ಅದು ಪ್ರಸಾದ, ಬಾಣಲೆಯ ಮುಂದೆ ನಿಂತು ಬೇಯಿಸುವವನಿಗೆ ಅದು ಪಾಳಿ, ಸಂಬಳ, ರಜೆ ಎಂಬ ತಿಳಿವಳಿಕೆ ನನಗೆ ಇಂದಿಗೂ ಸರಿ ಎನಿಸುತ್ತದೆ.)

ನಾನು ಪಾಠ ಹೇಳುವಾಗ ಇದನ್ನೆಲ್ಲ ವಿವರಿಸಲು ಒಂದು ಹಂಚನ್ನು ತರಗತಿಗೆ ತರುತ್ತಿದ್ದೆ. ಕರಾವಳಿಯ ಹಳೆಯ ಮನೆಯೊಂದನ್ನು ಕೆಡವುವಾಗ ಮಾಡಿನಿಂದ ಇಳಿಸಿದ, ಪಾಚಿಗಟ್ಟಿ ಕಪ್ಪಾದ ಮಂಗಳೂರು ಹಂಚು ಅದು. ಮಗುಚಿ, ಒದ್ದೆ ಬಟ್ಟೆಯಿಂದ ಒರೆಸಿದರೆ ಬಾಸೆಲ್ ಮಿಷನ್ ಎಂಬ ಅಚ್ಚು ಮೇಲೇಳುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಪ್ರಚಾರ ಸಂಸ್ಥೆಯಾದ, 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಈ ಹಂಚಿನಲ್ಲಿ ಧರ್ಮ ಎಲ್ಲಿದೆ ಎಂದು ಕೇಳಿದರೆ ಕೆಲವು ವಿದ್ಯಾರ್ಥಿಗಳು ಆ ಅಚ್ಚಿನ ಮೇಲೆ ಬೆರಳಿಡುತ್ತಿದ್ದರು. ಆದರೆ ಅದೇ ಹಂಚು ಎಲ್ಲ ಮತದವರ ಮನೆಗಳ ಮೇಲೂ ಕೂತು ಮಳೆ ತಡೆಯಿತು. ಮತಾಂತರಗೊಂಡು ಜಾತಿಯಿಂದ ಹೊರಬಿದ್ದವರಿಗೆ ಕುಲಕಸುಬು ಕೈತಪ್ಪಿ ಹೋಗುತ್ತಿತ್ತು. ಅವರಿಗೆ ಜೀವನೋಪಾಯ ಬೇಕೆಂಬ ಕಾರಣಕ್ಕೆ ಮಿಷನ್ ನೇಯ್ಗೆಯನ್ನೂ ಹಂಚನ್ನೂ ಕೈಗೆತ್ತಿಕೊಂಡಿತು. ಧಾರ್ಮಿಕ ನೆಲೆ ಇದ್ದದ್ದು ಹಾಜರಿ ಪುಸ್ತಕದಲ್ಲಿ, ಯಾರಿಗೆ ಕೆಲಸ ಕೊಡಬೇಕು ಎಂಬ ತೀರ್ಮಾನದಲ್ಲಿ. ಅದು ಕರುಣೆಯೇ, ಮತಾಂತರಕ್ಕೆ ಹಾಕಿದ ಆಸರೆಯೇ ಎಂಬ ವಾದ ಬೇರೆ. ಎರಡೂ ಕಡೆಯವರು ಒಪ್ಪಲೇಬೇಕಾದ ಮಾತೆಂದರೆ ಆ ತೀರ್ಮಾನ ಮತದಿಂದ ಹುಟ್ಟಿತು ಎಂಬುದು.

ಇದೇ ಮಿಷನ್ನಿನ ಅಚ್ಚುಕೂಟಕ್ಕೆ ಬಂದರೆ ವಿಷಯ ಇನ್ನಷ್ಟು ತೊಡಕಾಗುತ್ತದೆ, ಮತ್ತು ನಿಮ್ಮ ಪ್ರಶ್ನೆಗೆ ಹತ್ತಿರವಾಗುತ್ತದೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರತಂದರು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಪಾಕ್ಷಿಕ ಅದು. ಕನ್ನಡದ ಮೊದಲ ಪತ್ರಿಕೆಯೆಂದು ಇಂದಿಗೂ ಆ ದಿನವನ್ನು ನಾವು ಪತ್ರಿಕಾ ದಿನವಾಗಿ ಆಚರಿಸುತ್ತೇವೆ. ಹೊರತಂದವರು ಪಾದ್ರಿ, ಮುದ್ರಿಸಿದ್ದು ಮಿಷನ್ ಅಚ್ಚುಕೂಟ, ಆದರೂ ಅದರಲ್ಲಿ ಊರ ವರ್ತಮಾನವಿತ್ತು, ಸರ್ಕಾರದ ನಿರೂಪಗಳಿದ್ದವು, ಪುರಂದರದಾಸರ ಪದಗಳಿಗೂ ಜಾಗ ಸಿಕ್ಕಿತ್ತು. ಮುಂದೆ ಮೋಗ್ಲಿಂಗರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳಂಥ ಕೃತಿಗಳನ್ನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಅಚ್ಚು ಹಾಕಿಸಿದಾಗ ಅದರ ಖರ್ಚನ್ನು ವಹಿಸಿಕೊಂಡವರು ಮದರಾಸ್ ಸರ್ಕಾರದ ಸೇವೆಯಲ್ಲಿದ್ದ ಕ್ಯಾಸಮೇಜರ್ ಎಂಬ ಅಧಿಕಾರಿ. ಯಂತ್ರ ಮಿಷನ್ನಿನದು, ದುಡ್ಡು ಹೊರಗಿನದು, ಸಾಹಿತ್ಯ ಹಿಂದೂ ಮತ್ತು ವೀರಶೈವ, ಸಂಪಾದಕ ಕ್ರೈಸ್ತ ಪಾದ್ರಿ. ಇದು ಧಾರ್ಮಿಕ ಪ್ರಕಾಶನವೇ ಎಂದು ಕೇಳಿದರೆ ಹೌದು ಅಥವಾ ಅಲ್ಲ ಎಂಬ ಉತ್ತರ ಸಾಲದು. ಕನ್ನಡ ಕಲಿಯುವುದು ಪಾದ್ರಿಗೆ ಬೇಕಿತ್ತು, ಕಲಿತ ಮೇಲೆ ಕನ್ನಡ ತನ್ನ ದಾರಿಗೆ ಅವರನ್ನು ಎಳೆದುಕೊಂಡಿತು. 1894ರಲ್ಲಿ ಅದೇ ಮಂಗಳೂರಿನಿಂದ ಹೊರಬಂದ ಕಿಟ್ಟೆಲ್ ನಿಘಂಟನ್ನು ಯಾವ ಮತದ ಪುಸ್ತಕವೆಂದೂ ಯಾರೂ ಓದುವುದಿಲ್ಲ.

ಮಂಗಳೂರಿನಲ್ಲೇ ಇನ್ನೂ ಎರಡು ಉದಾಹರಣೆಗಳಿವೆ. ಕಥೊಲಿಕ್ ಧರ್ಮಪ್ರಾಂತ್ಯ 1938ರಲ್ಲಿ ಆರಂಭಿಸಿದ ‘ರಾಕ್ಣೊ’ ವಾರಪತ್ರಿಕೆ ಕನ್ನಡ ಲಿಪಿಯಲ್ಲಿ ಕೊಂಕಣಿಯನ್ನು ಅಚ್ಚು ಹಾಕುತ್ತ ಬಂದು ಒಂದು ಭಾಷೆಯ ಓದುಗರನ್ನೂ ಬರಹಗಾರರನ್ನೂ ಬೆಳೆಸಿತು. 1978ರಲ್ಲಿ ಆರಂಭವಾದ ‘ಸನ್ಮಾರ್ಗ’ ವಾರಪತ್ರಿಕೆ ಇಸ್ಲಾಮಿನ ನೆಲೆಯಿಂದ, ಆದರೆ ಕನ್ನಡದಲ್ಲಿ, ಸುದ್ದಿ ಮತ್ತು ವಿಚಾರಗಳನ್ನು ಬರೆಯುತ್ತದೆ. ಇವೆರಡೂ ತಮ್ಮ ನೆಲೆಯನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ. ಓದುಗನಿಗೆ ಇದು ಮೊದಲೇ ಗೊತ್ತಿರುವುದರಿಂದ ಅವನು ಅದನ್ನು ಲೆಕ್ಕಕ್ಕೆ ಹಿಡಿದೇ ಓದುತ್ತಾನೆ. ನನಗೆ ತೊಂದರೆಯಾಗಿ ಕಾಣುವುದು ನೆಲೆಯನ್ನು ಹೇಳದೆ ಎಲ್ಲರ ಪತ್ರಿಕೆ ಎಂದು ಓಡಾಡುವ ಬಗೆ. ನಿಮ್ಮ ಸಂದರ್ಶನದಲ್ಲಿ ಕೇಳಿಬಂದ ‘ಆದರೆ’ ಎಂಬ ಒಂದು ಪದ ನನ್ನ ಕಿವಿಗೆ ಚುಚ್ಚಿದ್ದು ಅದಕ್ಕೇ.

ತತ್ವ ಆಡಳಿತದ ಕೈ ಕಟ್ಟುವುದು ಹೇಗೆ ಎಂಬುದಕ್ಕೆ ಗೋರಖಪುರದ ಗೀತಾ ಪ್ರೆಸ್ ನೋಡಿ. 1923ರಲ್ಲಿ ಆರಂಭವಾದ ಈ ಸಂಸ್ಥೆ ಕನ್ನಡದಲ್ಲೂ ಅಗ್ಗದ ಬೆಲೆಗೆ ಪುಸ್ತಕ ಪ್ರಕಟಿಸುತ್ತದೆ. ಅದರ ‘ಕಲ್ಯಾಣ್’ ಮಾಸಪತ್ರಿಕೆ ಜಾಹೀರಾತು ಹಾಕುವುದಿಲ್ಲ. 2021ನೇ ಸಾಲಿನ ಗಾಂಧಿ ಶಾಂತಿ ಪ್ರಶಸ್ತಿ ಬಂದಾಗ ಗೌರವವನ್ನು ಒಪ್ಪಿ, 1 ಕೋಟಿ ರೂಪಾಯಿ ನಗದನ್ನು ಬೇಡವೆಂದಿತು. ದೇಣಿಗೆ ಪಡೆಯುವುದಿಲ್ಲ ಎಂಬ ತನ್ನದೇ ನಿಯಮ ಅದಕ್ಕೆ ಅಡ್ಡ ನಿಂತಿತು. ಇದನ್ನು ಮೆಚ್ಚುವಾಗಲೇ, ಹಿಂದೂಗಳ ಮದುವೆ, ಆಸ್ತಿಹಕ್ಕಿನ ಕಾನೂನನ್ನು ಸುಧಾರಿಸಲು ಹೊರಟ ಹಿಂದೂ ಸಂಹಿತೆ ಮಸೂದೆಯ ವಿರುದ್ಧ ಅದೇ ಪತ್ರಿಕೆ ಬಲವಾಗಿ ಬರೆಯಿತು ಎಂಬುದನ್ನು ಮರೆಯಬಾರದು. ಜಾಹೀರಾತು ಬಿಟ್ಟ ಪತ್ರಿಕೆ ರಾಜಕೀಯವನ್ನು ಬಿಟ್ಟಿರುವುದಿಲ್ಲ. ಧಾರ್ಮಿಕ ನೆಲೆ ಎಂದರೆ ನಿಷ್ಪಕ್ಷಪಾತ ಎಂದು ತಿಳಿಯುವವರಿಗೂ, ಧಾರ್ಮಿಕ ನೆಲೆ ಎಂದರೆ ಅಪ್ರಾಮಾಣಿಕತೆ ಎಂದು ತಿಳಿಯುವವರಿಗೂ ಈ ಒಂದೇ ಸಂಸ್ಥೆ ಉತ್ತರ ಕೊಡುತ್ತದೆ.

ಬಾಸ್ಟನ್ನಿನ ‘ಕ್ರಿಶ್ಚಿಯನ್ ಸೈನ್ಸ್ ಮಾನಿಟರ್’ ಇದಕ್ಕಿಂತ ಬೇರೆ ದಾರಿ ಹಿಡಿಯಿತು. ಔಷಧಕ್ಕಿಂತ ಪ್ರಾರ್ಥನೆಯನ್ನು ನೆಚ್ಚುವ ಚರ್ಚಿನ ಸ್ಥಾಪಕಿ ಮೇರಿ ಬೇಕರ್ ಎಡ್ಡಿ ಅದನ್ನು 1908ರಲ್ಲಿ ಆರಂಭಿಸಿದರು. ಪತ್ರಿಕೆಗಳ ದಾಳಿಗೆ ಸ್ವತಃ ಗುರಿಯಾಗಿದ್ದ ಆಕೆ ಯಾರಿಗೂ ಕೇಡು ಮಾಡದೆ ಮನುಕುಲಕ್ಕೆಲ್ಲ ಒಳಿತು ಮಾಡುವುದೇ ಪತ್ರಿಕೆಯ ಗುರಿ ಎಂದರು. ಹೆಸರಿನಲ್ಲೇ ಮತವಿದೆ, ಆದರೆ ಮತಕ್ಕೆ ಮೀಸಲಾದದ್ದು ದಿನಕ್ಕೆ ಒಂದು ಲೇಖನ ಮಾತ್ರ. ಉಳಿದ ಪುಟಗಳಲ್ಲಿ ಅಂತರರಾಷ್ಟ್ರೀಯ ಸುದ್ದಿ. ಅದಕ್ಕೆ ಹಲವು ಪುಲಿಟ್ಜರ್ ಪ್ರಶಸ್ತಿಗಳು ಬಂದವು. ಮತವನ್ನು ಅಡಗಿಸಿಡಲಿಲ್ಲ, ಬೇಲಿ ಹಾಕಿ ಒಂದು ಅಂಕಣದಲ್ಲಿ ಇಟ್ಟರು. ಹಾಗೆ ನಡೆದ ಪತ್ರಿಕೆಯ ನಷ್ಟ ತುಂಬಿದ್ದು ಚರ್ಚು. 2009ರಲ್ಲಿ ದಿನಪತ್ರಿಕೆಯ ಮುದ್ರಣ ನಿಂತು, ವಾರಪತ್ರಿಕೆ ಮತ್ತು ಅಂತರಜಾಲದ ಆವೃತ್ತಿ ಉಳಿದವು.

ನಮ್ಮ ಸರ್ಕಾರದ ಧೋರಣೆ ಮಾಧ್ಯಮದಿಂದ ಮಾಧ್ಯಮಕ್ಕೆ ಬದಲಾಗುತ್ತದೆ. ಯಾವ ಮಠವಾದರೂ ಪತ್ರಿಕೆ ನಡೆಸಬಹುದು. ಖಾಸಗಿ ಎಫ್‌ಎಂ ನೀತಿಯಲ್ಲಿ ಮಾತ್ರ ಧಾರ್ಮಿಕ ಸಂಸ್ಥೆಯ ಹಿಡಿತದಲ್ಲಿರುವ ಅಥವಾ ಅದರೊಂದಿಗೆ ಸಂಬಂಧವಿರುವ ಕಂಪನಿಯನ್ನು ಅನರ್ಹಗೊಳಿಸಲಾಗಿದೆ. ಹಾಗಿದ್ದೂ ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿದ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು, ಶಿಕ್ಷಣ ಸಂಸ್ಥೆಯಾಗಿ, ‘ಸಾರಂಗ್’ ಸಮುದಾಯ ಬಾನುಲಿಯನ್ನು 2009ರಿಂದ ನಡೆಸುತ್ತಿದೆ. ಟಿವಿಯಲ್ಲಂತೂ ತಿರುಮಲ ತಿರುಪತಿ ದೇವಸ್ಥಾನದ ಭಕ್ತಿ ವಾಹಿನಿ 2021ರಿಂದ ಕನ್ನಡದಲ್ಲೂ ಬರುತ್ತಿದೆ, ಮತ್ತು ಆ ದೇವಸ್ಥಾನದ ಆಡಳಿತ ಮಂಡಳಿಯನ್ನು ನೇಮಿಸುವುದು ಆಂಧ್ರ ಸರ್ಕಾರ.

ಇನ್ನು ಒಳಗಿನ ಕೆಲಸದ ಮಾತು. ಚಿಕ್ಕ ವಯಸ್ಸಿನಲ್ಲಿ ನಾನೂ ಒಂದು ಧಾರ್ಮಿಕ ಟ್ರಸ್ಟಿನ ಮಾಸಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಓದುಗರ ಪತ್ರಗಳ ಪುಟಕ್ಕೆ ಒಬ್ಬ ತಂದೆಯ ಕಾಗದ ಬಂದಿತ್ತು. ಅದೇ ಟ್ರಸ್ಟಿನ ಹೈಸ್ಕೂಲಿನಲ್ಲಿ ಕಟ್ಟಡ ನಿಧಿ ಎಂದು ರಸೀತಿ ಇಲ್ಲದೆ ಹಣ ಪಡೆದಿದ್ದಾರೆ, ನಮ್ಮ ಗುರುಗಳು ಹೇಳುವ ಅಪರಿಗ್ರಹಕ್ಕೆ ಇದು ಒಪ್ಪುತ್ತದೆಯೇ ಎಂದು ಅವರು ವಿನಯದಿಂದಲೇ ಕೇಳಿದ್ದರು. ಪತ್ರ ಮೊಳೆ ಜೋಡಿಸಿ ಗ್ಯಾಲಿ ಕರಡಾಗಿ ನನ್ನ ಮೇಜಿಗೆ ಬಂದಿತ್ತು. ಸಂಜೆ ಅದು ವ್ಯವಸ್ಥಾಪಕರ ಕೋಣೆಯಿಂದ ವಾಪಸು ಬಂದಾಗ ಅಡ್ಡಕ್ಕೆ ಒಂದು ಕೆಂಪು ಗೆರೆ ಇತ್ತು, ಬದಿಯಲ್ಲಿ ‘ಧರ್ಮಕ್ಕೆ ಧಕ್ಕೆ’ ಎಂಬ ಎರಡು ಪದಗಳು. ಆ ಸಂಜೆಯಿಂದ ನನ್ನ ತಲೆಯಲ್ಲಿ ಈ ಪ್ರಶ್ನೆ ಕೂತಿದೆ. ಧರ್ಮವನ್ನು ಎತ್ತಿ ಮಾತನಾಡಿದ್ದು ಆ ತಂದೆ. ಧಕ್ಕೆಯಾದದ್ದು ಫೀಸಿನ ಲೆಕ್ಕಕ್ಕೆ. ಪೀಠದ ಗುರುಗಳಿಗೆ ಆ ಕಾಗದದ ಸುದ್ದಿ ತಲುಪಿಯೇ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಧಾರ್ಮಿಕ ಸಂಸ್ಥೆಗಳ ಪತ್ರಿಕೆಗಳಲ್ಲಿ ಸುದ್ದಿಯನ್ನು ತಡೆಹಿಡಿಯುವುದು ಹೆಚ್ಚಾಗಿ ಸಿದ್ಧಾಂತದಿಂದ ಹುಟ್ಟುವುದಿಲ್ಲ, ಆಫೀಸಿನಿಂದ ಹುಟ್ಟುತ್ತದೆ ಎಂಬುದು ಅಂದಿನಿಂದ ನಾನು ಕಂಡುಕೊಂಡ ಮಾತು. ಸಿದ್ಧಾಂತದ ಕಾರಣಕ್ಕೆ ಒಂದು ಲೇಖನವನ್ನು ಬಿಡುವ ಪತ್ರಿಕೆಯಲ್ಲಿ ನಾನು ಕೆಲಸ ಮಾಡಬಲ್ಲೆ, ಏಕೆಂದರೆ ಯಾವುದು ಬರುವುದಿಲ್ಲ ಎಂದು ಅಲ್ಲಿ ಮೊದಲೇ ಗೊತ್ತಿರುತ್ತದೆ.

ಆದ್ದರಿಂದ ಕೆಲಸ ಒಪ್ಪುವ ಮುನ್ನ ಕಳೆದ ಕೆಲವು ವರ್ಷಗಳ ಸಂಪುಟಗಳನ್ನು ಕೇಳಿ ಪಡೆಯಿರಿ. ಮಾರ್ಚ್ ಸಂಚಿಕೆಯ ಯಾವುದೋ ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ‘ನಮೂನೆ 4’ ಎಂಬ ಹೇಳಿಕೆ ಸಿಗುತ್ತದೆ. 1956ರ ನಿಯಮಗಳ ಪ್ರಕಾರ ಪ್ರಕಾಶಕರು, ಮುದ್ರಕರು, ಸಂಪಾದಕರು ಮತ್ತು ಮಾಲೀಕರ ವಿವರವನ್ನು ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಅಚ್ಚು ಹಾಕಬೇಕಿತ್ತು. ಅಲ್ಲಿ ಮಾಲೀಕರೆಂದು ಶಾಲೆ ನಡೆಸುವ ಟ್ರಸ್ಟೇ ಇದೆಯೋ, ಪತ್ರಿಕೆಗೆಂದೇ ಬೇರೆ ಟ್ರಸ್ಟು ಇದೆಯೋ ನೋಡಿ. ಸಂಪಾದಕರೆಂದು ಹೆಸರಿರುವವರು ಬರೆಯುವವರೋ, ಆಡಳಿತಾಧಿಕಾರಿಯೋ ವಿಚಾರಿಸಿ. ನಂಬಿಕೆಯ ವಿಷಯದಲ್ಲಿ ನಿಮ್ಮ ಮೇಲೆ ಏನಾದರೂ ಷರತ್ತು ಇದೆಯೇ ಎಂದು ನೇಮಕ ಪತ್ರದಲ್ಲಿ ಬರಹದಲ್ಲೇ ಕೇಳಿ. ಸಂವಿಧಾನದ 28ನೇ ವಿಧಿ ಒಪ್ಪಿಗೆಯಿಲ್ಲದ ಪ್ರಾರ್ಥನೆಯಿಂದ ರಕ್ಷಿಸುವುದು ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಗೆ ಹಾಜರಾಗುವವರನ್ನು. ಪತ್ರಿಕಾ ಕಚೇರಿಯ ಬೆಳಗಿನ ಪ್ರಾರ್ಥನೆಗೆ ನೀವು ನಿಲ್ಲಬೇಕೇ ಎಂಬುದು ನಿಮ್ಮ ಮತ್ತು ಅವರ ನಡುವಿನ ಮಾತು. ನಿಲ್ಲುವುದು ನಿಮಗೆ ಹೊರೆಯಲ್ಲದಿದ್ದರೆ ಅದನ್ನು ದೊಡ್ಡದು ಮಾಡಬೇಡಿ. ಅಂಥ ಪ್ರಾರ್ಥನೆಗೆ ಹತ್ತು ನಿಮಿಷ ನಿಂತು, ಉಳಿದ ಹೊತ್ತೆಲ್ಲ ನಿರ್ಭಯವಾಗಿ ಬರೆದವರನ್ನು ನಾನು ಬಲ್ಲೆ.

ಆಮೇಲೆ ಓದುಗರ ಪತ್ರಗಳ ಪುಟಗಳನ್ನು ಒಂದೊಂದಾಗಿ ತಿರುವಿ ಹಾಕಿ. ಅವುಗಳಲ್ಲಿ ಆ ಟ್ರಸ್ಟಿನದೇ ಶಾಲೆಯನ್ನೋ ಆಸ್ಪತ್ರೆಯನ್ನೋ ಪ್ರಶ್ನಿಸಿ ಬರೆದ ಒಂದು ಕಾಗದವಾದರೂ, ಒಂದೇ ಒಂದಾದರೂ, ಅಚ್ಚಾಗಿದ್ದರೆ ನಾಳೆಯೇ ಹೋಗಿ ಸೇರಿಕೊಳ್ಳಿ.